ಊರನ್ನು ಓದುವ ವಿದ್ಯೆ

ಹಳೆಯ ಪಟ್ಟಣದ ಸಂರಕ್ಷಣೆಯನ್ನೂ ಹೊಸ ಕಟ್ಟಡದ ವಿನ್ಯಾಸವನ್ನೂ ಎರಡು ಬೇರೆ ವಿದ್ಯೆಗಳೆಂದು ಭಾವಿಸಿ, ಮೊದಲನೆಯದನ್ನು ಪುರಾತತ್ತ್ವಜ್ಞರಿಗೂ ಎರಡನೆಯದನ್ನು ವಾಸ್ತುಶಿಲ್ಪಿಗಳಿಗೂ ಹಂಚಿಕೊಡುವ ರೂಢಿ ಶಿಕ್ಷಣದಲ್ಲಿ ಬಲವಾಗಿ ಬೇರೂರಿದೆ. ಈ ವಿಭಜನೆಯನ್ನು ಒಪ್ಪದ ಇಟಲಿಯ ವಾಸ್ತುಶಿಲ್ಪಿ ಜಾನ್‌ಕಾರ್ಲೊ ದೆ ಕಾರ್ಲೊ (1919–2005), ಹಲವು ದೇಶಗಳ ವಿದ್ಯಾರ್ಥಿಗಳು ಒಂದೇ ಊರಿನಲ್ಲಿ ನೆಲೆಸಿ ಇವೆರಡನ್ನೂ ಜೊತೆಯಾಗಿ ಕಲಿಯಬೇಕೆಂಬ ಉದ್ದೇಶದಿಂದ, 1976ರಲ್ಲಿ ಉರ್ಬಿನೊ ಪಟ್ಟಣದಲ್ಲಿ ವಾಸ್ತುಶಿಲ್ಪ ಮತ್ತು ನಗರ ವಿನ್ಯಾಸದ ಅಂತಾರಾಷ್ಟ್ರೀಯ ಪ್ರಯೋಗಶಾಲೆಯನ್ನು ಆರಂಭಿಸಿದರು. ‘ಇಲೌಡ್’ ಎಂಬ ಕಿರುಹೆಸರಿನಿಂದ ಪ್ರಸಿದ್ಧವಾದ ಈ ಸಂಸ್ಥೆಗೆ ಯುರೋಪು ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಕಳುಹಿಸಿದವು. ಮುಂದೆ ಅದು ಸಿಯೆನಾ, ವೆನಿಸ್ ಮುಂತಾದ ನಗರಗಳಲ್ಲಿಯೂ ನಡೆಯಿತು.

ಮಧ್ಯ ಇಟಲಿಯ ಗುಡ್ಡದ ಮೇಲಿರುವ ಉರ್ಬಿನೊ, 15ನೆಯ ಶತಮಾನದಲ್ಲಿ ಫೆದೆರಿಕೊ ದ ಮೊಂತೆಫೆಲ್ತ್ರೊ ಎಂಬ ದೊರೆಯ ಆಳ್ವಿಕೆಯಲ್ಲಿ ಅರಮನೆಯೊಂದಿಗೆ ಅರಳಿದ ಊರು. ಕಾಲಾಂತರದಲ್ಲಿ ಬಡವಾದ ಈ ಊರಿಗೆ ಹೊಸ ಜೀವ ಬಂದದ್ದು ಮುಖ್ಯವಾಗಿ ಅಲ್ಲಿನ ವಿಶ್ವವಿದ್ಯಾಲಯದಿಂದ. ಕುಲಪತಿ ಕಾರ್ಲೊ ಬೊ ಅವರ ಆಹ್ವಾನದ ಮೇರೆಗೆ 1950ರ ದಶಕದಿಂದಲೇ ಇಲ್ಲಿ ಕೆಲಸ ಮಾಡಿದ ದೆ ಕಾರ್ಲೊ, ಊರಿಗೆ ಸಮಗ್ರ ಯೋಜನೆಯೊಂದನ್ನು ರೂಪಿಸಿದ್ದಲ್ಲದೆ, ಹಳೆಯ ಕ್ರೈಸ್ತ ಸನ್ಯಾಸಿನಿಯರ ಮಠವೊಂದರ ಗೋಡೆಗಳನ್ನು ಹಾಗೆಯೇ ಉಳಿಸಿ ಅವುಗಳ ಒಳಗೆ ಶಿಕ್ಷಣ ವಿಭಾಗದ ಕಟ್ಟಡವನ್ನು ಕಟ್ಟಿದರು. ಬೀದಿಯಲ್ಲಿ ನಡೆಯುವವರಿಗೆ ಹಳೆಯ ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತದೆ; ಒಳಹೊಕ್ಕವರಿಗೆ ವಿಶಾಲವಾದ ಗಾಜಿನ ಛಾವಣಿಯಿಂದ ಇಳಿಯುವ ಬೆಳಕು ಎದುರಾಗುತ್ತದೆ.

ಇಲೌಡ್‌ನ ಬೋಧನೆಗೆ ಎರಡು ಪರಿಕಲ್ಪನೆಗಳು ಆಧಾರ. ಮೊದಲನೆಯದು ‘ಓದು’: ನೆಲದ ಇಳಿಜಾರು, ಬೀದಿಯ ತಿರುವು, ಅಂಗಳ, ಜನರ ಓಡಾಟ ಇವುಗಳಲ್ಲಿ ಉಳಿದಿರುವ ಗುರುತುಗಳಿಂದ ಊರು ಬೆಳೆದ ಬಗೆಯನ್ನು ಅರಿಯುವುದು. ಎರಡನೆಯದು ‘ಪ್ರಾಯೋಗಿಕ ವಿನ್ಯಾಸ’: ಕರಡು ರೂಪವೊಂದನ್ನು ಆ ಸ್ಥಳದ ಮುಂದಿಟ್ಟು, ಸ್ಥಳ ಅದನ್ನು ಎಲ್ಲಿ ಒಪ್ಪುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ಪರೀಕ್ಷಿಸಿ, ಆ ತಡೆಯಿಂದ ಕಲಿತು ಮತ್ತೆ ಓದಿಗೆ ಮರಳುವುದು. ಹೀಗೆ ವಿನ್ಯಾಸವೇ ಇತಿಹಾಸದ ಅಧ್ಯಯನಕ್ಕೆ ಸಾಧನವಾಗುತ್ತದೆ.

ಈ ಪಾಠದ ಅತ್ಯುತ್ತಮ ನಿದರ್ಶನ ಉರ್ಬಿನೊದಲ್ಲಿಯೇ ಇದೆ. ಕೆಳಗಿನ ಸಂತೆಯ ಬಯಲಿನಿಂದ ಅರಮನೆಯ ಮಟ್ಟಕ್ಕೆ ಕುದುರೆಗಳು ಹತ್ತಿಬರಲೆಂದು 15ನೆಯ ಶತಮಾನದಲ್ಲಿ ಫ್ರಾಂಚೆಸ್ಕೊ ದಿ ಜಾರ್ಜೊ ಮಾರ್ತಿನಿ ಎಂಬ ಶಿಲ್ಪಿ ಸುರುಳಿಯಾಕಾರದ ಇಳಿಜಾರು ದಾರಿಯೊಂದನ್ನು ಕಟ್ಟಿದ್ದರು. 19ನೆಯ ಶತಮಾನದಲ್ಲಿ ಅದರ ಮೇಲೆ ರಂಗಮಂದಿರ ಎದ್ದಿತು. ದಾರಿ ಮಣ್ಣುಗೂಡಿ ಮರೆತುಹೋಯಿತು. 1970ರ ದಶಕದಲ್ಲಿ ದೆ ಕಾರ್ಲೊ ಅದನ್ನು ತೆರವುಗೊಳಿಸಿ ಸರಿಪಡಿಸಿದ್ದರಿಂದ, ಇಂದು ಅದೇ ಬಯಲಿನಲ್ಲಿ ವಾಹನ ನಿಲ್ಲಿಸಿದವರು ಕುದುರೆಗಳ ಆ ದಾರಿಯಲ್ಲೇ ಊರಿಗೆ ಏರುತ್ತಾರೆ. ಗುಡ್ಡವನ್ನು ಹತ್ತಬೇಕಾದ ಅಗತ್ಯ ಐದು ಶತಮಾನಗಳಲ್ಲಿ ಬದಲಾಗಿಲ್ಲವಾದ್ದರಿಂದ ಹಳೆಯ ಉತ್ತರ ಮತ್ತೆ ಕೆಲಸಕ್ಕೆ ಬಂದಿತು.

ಇಂಥ ಕಲಿಕೆಯಲ್ಲಿ ಪರದೇಶದ ವಿದ್ಯಾರ್ಥಿಯ ಪಾತ್ರ ಹಿರಿದು. ಊರಿನವರು ದಿನವೂ ತುಳಿದು ಗಮನಿಸದೆ ಬಿಟ್ಟ ಮೆಟ್ಟಿಲನ್ನು ಹೊರಗಿನವರು ನಿಂತು ನೋಡುತ್ತಾರೆ, ಅವರಿಗೆ ತಿಳಿಯದ ಬಳಕೆಯನ್ನು ಊರಿನವರು ವಿವರಿಸುತ್ತಾರೆ. ಕೆಲವು ದಿನಗಳ ಪ್ರವಾಸದಿಂದ ದಕ್ಕದ ಈ ಕೊಡುಕೊಳೆಗೆ ವಾರಗಟ್ಟಲೆಯ ವಾಸ ಬೇಕಾಗುತ್ತದೆ.

ಕನ್ನಡ ನಾಡಿಗೂ ಈ ಪರಂಪರೆಯ ಪರಿಚಯವಿದೆ. 1980ರ ದಶಕದಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವರ ನೇತೃತ್ವದ ವಿಜಯನಗರ ಸಂಶೋಧನಾ ಯೋಜನೆಯಲ್ಲಿ ದೇಶ ವಿದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಹಂಪಿಯ ಬಂಡೆಗಳ ನಡುವೆ ಬೀಡುಬಿಟ್ಟು, ಅಳತೆಯ ಪಟ್ಟಿ ಹಿಡಿದು ಮಂಟಪ, ಬಾಗಿಲು, ಕಾಲುವೆಗಳ ನಕ್ಷೆ ಬರೆದರು. ಆ ಅಳತೆಗಳು ಓದಿನ ಮೊದಲರ್ಧ. ಜನ ಇಂದಿಗೂ ಬಾಳುತ್ತಿರುವ ಪೇಟೆ, ಕೇರಿ, ಕೆರೆಯಂಗಳಗಳನ್ನು ಕನ್ನಡದ ವಿದ್ಯಾರ್ಥಿಗಳು ಹೊರಗಿನ ಗೆಳೆಯರೊಡನೆ ಕೂಡಿ ಅಳೆದು, ಅಲ್ಲಿನ ನಿವಾಸಿಗಳ ಮುಂದೆ ತಮ್ಮ ಕರಡುಗಳನ್ನಿಟ್ಟು ತಿದ್ದಿಸಿಕೊಂಡಾಗ ಅದರ ಉತ್ತರಾರ್ಧವೂ ಆರಂಭವಾಗುತ್ತದೆ.