ಜಗುಲಿಯ ಋಣ

ನಮ್ಮ ಸಾನಪಾಡಾದ ಕನ್ನಡ ಬಳಗದಲ್ಲಿ ವಾರ್ಷಿಕ ಪ್ರವಾಸದ ಮಾತು ಬಂದಾಗಲೆಲ್ಲ ‘ರೆಸಾರ್ಟ್’ ಎಂಬ ಶಬ್ದವೇ ಮೊದಲು ಕೇಳಿಬರುತ್ತದೆ. ಈ ಬಗ್ಗೆ ನನ್ನದೊಂದು ತಕರಾರಿದೆ.

ಕಳೆದ ಚಳಿಗಾಲದಲ್ಲಿ ಪನವೇಲಿನಿಂದ ಕೊಂಕಣ ರೈಲಿನಲ್ಲಿ ಗೋಕರ್ಣಕ್ಕೆ ಹೋಗಿ, ರಥಬೀದಿಯ ಸಮೀಪದ ಹಳೆಯ ಮನೆಯೊಂದರಲ್ಲಿ ಎರಡು ರಾತ್ರಿ ತಂಗಿದ್ದೆ. ಲಾಡ್ಜುಗಳು ಬರುವ ಮುನ್ನ ಗೋಕರ್ಣದ ಯಾತ್ರಿಕರಿಗೆ ಉಪಾಧಿವಂತರ ಇಂತಹ ಮನೆಗಳೇ ಛತ್ರ. ಪೂಜೆ, ಊಟ, ವಸತಿಗಳೆಲ್ಲ ಒಂದೇ ಸೂರಿನಡಿ. ಬೆಳಿಗ್ಗೆ ಅಲ್ಲಿಂದ ಹೊರಟು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಕಡಲತೀರಗಳನ್ನು ಗುಡ್ಡದ ಕಾಲುದಾರಿಯಲ್ಲಿ ದಾಟಿದೆ. ಇನ್ನೂ ಮುಂದಕ್ಕೆ ತದಡಿ. ಅಲ್ಲಿ, 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆ.

ಸಂಜೆ ದಣಿದು ಮರಳಿದಾಗ ಮನೆಯ ಹಿರಿಯರು ಹಂಡೆಯ ಬಿಸಿನೀರು ಕೊಟ್ಟು, ಗಂಜಿ ಬಡಿಸಿದರು. “ಹಂಚು ಹೊದೆಸುವ ಖರ್ಚೂ ಹುಟ್ಟುವುದಿಲ್ಲ. ಮಗ ನಿಮ್ಮ ಮುಂಬಯಿಯಲ್ಲೇ ಇದ್ದಾನೆ. ಮಾರಿಬಿಡು ಎನ್ನುತ್ತಾನೆ” ಎಂದರು. ನಾನು ಉತ್ತರಿಸಲಿಲ್ಲ. ಅಂತಹ ಮನೆಗಳಿಗೆ ಬೀಗ ಹಾಕುತ್ತಿರುವವರು ಪರಕೀಯರಲ್ಲ, ಊರು ಬಿಟ್ಟುಬಂದ ನಾವೇ.

ಹಳೆಯದೆಲ್ಲವೂ ಚೆನ್ನಾಗಿತ್ತೆಂದು ನನ್ನ ವಾದವಲ್ಲ. ಆ ಆತಿಥ್ಯಕ್ಕೆ ಜಾತಿಯ ಗೆರೆಯಿತ್ತು. ಎಷ್ಟೋ ಜನರಿಗೆ ಜಗುಲಿಯಾಚೆ ಪ್ರವೇಶವಿರಲಿಲ್ಲ. ಉಳಿಯಬೇಕಾದುದು ಮನೆ ಮತ್ತು ಆತಿಥ್ಯ. ಅಳಿಯಬೇಕಾದುದು ಆ ಗೆರೆ. ಎಲ್ಲರಿಗೂ ಬಾಗಿಲು ತೆರೆದ ಮನೆಯನ್ನಷ್ಟೇ ನಾವು ಆರಿಸಿಕೊಳ್ಳಬೇಕು.

ಹನೇಹಳ್ಳಿಯ ಯಶವಂತ ಚಿತ್ತಾಲರು, ಗೋಕರ್ಣದ ಜಯಂತ ಕಾಯ್ಕಿಣಿಯವರು ಈ ಸೀಮೆಯಿಂದಲೇ ಮುಂಬಯಿಗೆ ಬಂದವರು. ಅವರ ಸಾಹಿತ್ಯದ ಮೇಲೆ ಗೋಷ್ಠಿ ನಡೆಸಿ ಚಪ್ಪಾಳೆ ತಟ್ಟುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಆ ನೆಲದ ಮೇಲೆ ನಡೆದಿದ್ದಾರೆ? ಪರಂಪರೆಯ ರಕ್ಷಣೆಯೆಂದರೆ ಠರಾವು ಪಾಸು ಮಾಡುವುದಲ್ಲ. ಮನೆಯಲ್ಲಿ ಜನ ತಂಗಿದರೆ ಮನೆ ಉಳಿಯುತ್ತದೆ, ದಾರಿಯಲ್ಲಿ ಜನ ನಡೆದರೆ ದಾರಿ ಉಳಿಯುತ್ತದೆ.

ಆದುದರಿಂದ ನನ್ನ ಸೂಚನೆ ಇಷ್ಟೆ: ಮುಂದಿನ ಪ್ರವಾಸದಲ್ಲಿ ರೆಸಾರ್ಟ್ ಬೇಡ. ಇಂತಹ ಮನೆಗಳಲ್ಲಿ ತಂಗಿ, ನ್ಯಾಯವಾದ ಬಾಡಿಗೆ ಕೊಟ್ಟು, ಮಕ್ಕಳೊಡನೆ ಕಡಲ ದಾರಿಯಲ್ಲಿ ನಡೆಯೋಣ. ಸ್ನಾನಕ್ಕೆ ಸರದಿ ಕಾಯಬೇಕಾದೀತು. ವರ್ಷಾನುಗಟ್ಟಲೆ ಚಾಳುಗಳಲ್ಲಿ ಸರದಿ ನಿಂತವರಿಗೆ ಅದೇನು ಹೊಸತಲ್ಲ.