ಸ್ವಿಚ್ಚು ಯಾವ ಗೋಡೆಯ ಮೇಲಿದೆ?

ಬೆಳಗಿನ ನಾಲ್ಕೂವರೆಗೆ ಹೋಟೆಲಿನಲ್ಲಿ ಮೊದಲು ಏಳುವವನು ಮಾಲಿಕನಲ್ಲ, ಮ್ಯಾನೇಜರನೂ ಅಲ್ಲ. ಅಡಿಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿ ಮಲಗಿದ ನಮ್ಮ ಹುಡುಗ. ಕಣ್ಣುಜ್ಜಿಕೊಂಡು ಅವನು ಮಾಡುವ ಮೊದಲ ಕೆಲಸ ದೀಪದ ಸ್ವಿಚ್ಚು ಒತ್ತುವುದು. ರಾತ್ರಿಯೆಲ್ಲ ಸಿಲಿಂಡರೊಂದು ಸಣ್ಣಗೆ ಸೋರಿದ್ದರೆ ಅವನ ಕೊನೆಯ ಕೆಲಸವೂ ಅದೇ ಆದೀತು.

ಹೆದರಿಸಲೆಂದು ನಾವು ಇದನ್ನು ಬರೆಯುತ್ತಿಲ್ಲ. 2015ರ ಅಕ್ಟೋಬರ್ 16ರಂದು ಮುಂಬಯಿಯ ಕುರ್ಲಾದ ಹೋಟೆಲೊಂದರಲ್ಲಿ ಸಿಲಿಂಡರಿನ ಅನಿಲ ಹೊತ್ತಿಕೊಂಡು 8 ಮಂದಿ ಸತ್ತರು. ಊಟಕ್ಕೆಂದು ಹೋದ ವಿದ್ಯಾರ್ಥಿಗಳೇ ಅವರಲ್ಲಿ ಹೆಚ್ಚು. ಅಂಥ ಸುದ್ದಿ ಬಂದಾಗ ನಾಲ್ಕು ದಿನ ಎಲ್ಲರೂ ಸಿಲಿಂಡರಿನ ಮಾತಾಡುತ್ತಾರೆ. ಸಿಲಿಂಡರಿನ ಪಕ್ಕದಲ್ಲಿರುವ ವೈರಿನ ಮಾತು ಯಾರೂ ಆಡುವುದಿಲ್ಲ.

ಅಡಿಗೆ ಅನಿಲ ಗಾಳಿಗಿಂತ ಭಾರ. ಹೊಗೆಯಂತೆ ಮೇಲೇರದೆ, ನೀರಿನಂತೆ ನೆಲದ ಮೇಲೆ ಹರಿದು ಮೋರಿ, ಮೂಲೆ, ಮಲಗಿದವನ ಚಾಪೆ ಇವನ್ನೇ ಹುಡುಕುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಸೇರಿದರೆ ಸಾಕು, ಹೊತ್ತಿಕೊಳ್ಳಲು ಅದು ಸಿದ್ಧ. ಲೆಕ್ಕ ಹಾಕಿ ನೋಡಿ: ಉದ್ದ, ಅಗಲ, ಎತ್ತರ ಹತ್ತು ಹತ್ತು ಅಡಿಯ ಖೋಲಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಅನಿಲ ಬೇಕು. ಅದು ನೆಲದಿಂದ ಒಂದಡಿ ಎತ್ತರದಲ್ಲೇ ನಿಂತಿದ್ದರೆ ನೂರು ಗ್ರಾಮಿನ ಸುಮಾರು ಸಾಕು. ಹೋಟೆಲಿನ ಸಿಲಿಂಡರಿನಲ್ಲಿರುವುದೋ 19 ಕಿಲೋ!

ಇನ್ನು ಕಿಡಿ. ಸ್ವಿಚ್ಚು ಹಾಕಿದಾಗಲೂ ಕಿಡಿ, ಆರಿಸಿದಾಗಲೂ ಕಿಡಿ. ಚಟ್ನಿಯ ಮಿಕ್ಸಿಯೊಳಗೆ ಕಾರ್ಬನ್ ಬ್ರಶ್ಶುಗಳು ತಿರುಗುವಷ್ಟು ಹೊತ್ತೂ ಕಿಡಿ ಹಾರಿಸುತ್ತವೆ. ಫ್ರಿಜ್ಜನ್ನು ಯಾರೂ ಮುಟ್ಟಬೇಕಾಗಿಲ್ಲ. ನಟ್ಟಿರುಳಿನಲ್ಲಿ ತಾನೇ ಹತ್ತಿ ತಾನೇ ಆರುತ್ತದೆ, ಅದರ ಮೋಟಾರು ನೆಲದ ಹತ್ತಿರವೇ ಇದೆ. ಜಾಗ ಉಳಿಸಲೆಂದು ಸಿಲಿಂಡರಿನ ಪಕ್ಕದಲ್ಲೇ ಫ್ರಿಜ್ಜು ಇಟ್ಟ ಹೋಟೆಲುಗಳನ್ನು ನಮ್ಮ ಓದುಗರು ಬೇಕಾದಷ್ಟು ಕಂಡಿರಬೇಕು.

ಪೆಟ್ರೋಲ್ ಪಂಪಿನಲ್ಲಿ ಹೀಗೆ ಮಾಡಲು ಬಿಡುವುದಿಲ್ಲ. 2002ರ ಪೆಟ್ರೋಲಿಯಂ ನಿಯಮಗಳಂತೆ ಅಪಾಯದ ಜಾಗದಲ್ಲಿ ಅಂಗೀಕೃತ ವಿದ್ಯುತ್ ಸಾಧನವನ್ನಷ್ಟೇ ಬಳಸಬೇಕು. ಪೆಟ್ರೋಲಿನ ಆವಿಯೂ ನೆಲದಲ್ಲೇ ತೆವಳುವಂಥದ್ದು. ಆದ್ದರಿಂದಲೇ ಅಮೆರಿಕದ ವಿದ್ಯುತ್ ಸಂಹಿತೆ ಪಂಪಿನ ಸುತ್ತ 20 ಅಡಿ ದೂರದವರೆಗೆ, ನೆಲದಿಂದ 18 ಇಂಚು ಎತ್ತರದವರೆಗೆ ಅಪಾಯದ ಗೆರೆ ಎಳೆದಿದೆ. ಅಂಥ ಜಾಗದಲ್ಲಿ ಕೂರಿಸುವ ಫ್ಲೇಮ್‌ಪ್ರೂಫ್ ಪೆಟ್ಟಿಗೆ ಕಿಡಿಯನ್ನು ತಡೆಯುವುದಿಲ್ಲ. ಒಳಗೆ ಹೊತ್ತಿದ ಜ್ವಾಲೆ ಅದರ ಸಂದಿನಲ್ಲಿ ಹಾಯುವಷ್ಟರಲ್ಲಿ ತಣ್ಣಗಾಗಿ ಆರುತ್ತದೆ. ಒಂದು ಬೋಲ್ಟು ಸಡಿಲವಾದರೂ ಆ ಗುಣ ಹೋಯಿತು.

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಇದೆಲ್ಲ ಹೊಸ ಪಾಠವಲ್ಲ. ಬ್ಲೋ ರೂಮಿನಲ್ಲಿ ಹತ್ತಿಯ ಧೂಳು ಹಾರುವಾಗ ಬೀಡಿ, ಬೆಂಕಿಕಡ್ಡಿಗಳ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಿತ್ತೆಂದು ಅವರನ್ನೇ ಕೇಳಿ. ಅವರ ಬೆನ್ನಿಗೆ ಕಾಯಿದೆಯಿತ್ತು. ಹೊತ್ತಿಕೊಳ್ಳುವ ಧೂಳು, ಅನಿಲ ಇರುವಲ್ಲಿ ಕಿಡಿಯ ಮೂಲಗಳನ್ನೆಲ್ಲ ದೂರವಿಡಬೇಕು, ಇಲ್ಲವೇ ಮುಚ್ಚಿಡಬೇಕೆಂದು 1948ರ ಕಾರ್ಖಾನೆ ಕಾಯಿದೆಯ 37ನೆಯ ಕಲಮು ಹೇಳಿತ್ತು. ಆದರೆ ಅದೇ ಕಾಯಿದೆ ಕಾರ್ಖಾನೆಯೆಂದರೇನು ಎಂದು ವಿವರಿಸುವಲ್ಲಿ ಹೋಟೆಲು, ಉಪಾಹಾರಗೃಹಗಳನ್ನು ಹೊರಗಿಟ್ಟಿತು. ಒಂದೇ ಚಾಳಿನ ಇಬ್ಬರು ಅಣ್ಣತಮ್ಮಂದಿರಲ್ಲಿ ಗಿರಣಿಗೆ ಹೋದವನಿಗೆ ಆ ಕಲಮು ಇತ್ತು, ಹೋಟೆಲಿಗೆ ಹೋದವನಿಗೆ ಇರಲಿಲ್ಲ.

ಸಿಲಿಂಡರುಗಳಿಗೆಂದೇ 2016ರ ನಿಯಮಗಳು ಇವೆ, ನಿಜ. ಆದರೆ 100 ಕಿಲೋವರೆಗಿನ ಅಡಿಗೆ ಅನಿಲ ಇಡಲು ಅವುಗಳಂತೆ ಲೈಸೆನ್ಸು ಬೇಡ. 19 ಕಿಲೋವಿನ ಐದು ಸಿಲಿಂಡರು ಸೇರಿದರೆ 95 ಕಿಲೋ. ನಮ್ಮ ಸಣ್ಣ ಹೋಟೆಲುಗಳು ಆ ಗೆರೆಯ ಕೆಳಗೇ ನಿಲ್ಲುತ್ತವೆ. ಲೈಸೆನ್ಸು ಇಲ್ಲವೆಂದಮೇಲೆ ಅದಕ್ಕಾಗಿ ಬಂದು ನೋಡುವವರೂ ಇಲ್ಲ. ನೋಡಬೇಕಾದವರು ನಾವೇ.

ಮಾಲಿಕರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಸಿಲಿಂಡರು ಇಡುವ ಜಾಗದ ಒಳಗೆ ಸ್ವಿಚ್ಚು, ಪ್ಲಗ್ಗು, ಫ್ರಿಜ್ಜು, ಮೋಟಾರು ಯಾವುದೂ ಬೇಡ. ಸ್ವಿಚ್ಚು ಹೊರಗೆ, ದೂರದ ಗೋಡೆಯ ಮೇಲಿರಲಿ. ನೆಲಮಟ್ಟದಲ್ಲಿ ಗಾಳಿಯಾಡುವ ಕಿಂಡಿ ಇರಲಿ, ಹತ್ತಿರ ತೆರೆದ ಮೋರಿ ಬೇಡ. ಅಲ್ಲಿ ಯಾರನ್ನೂ ಮಲಗಿಸಬೇಡಿ. ವೈರಿನವನ ಒಂದೆರಡು ದಿನದ ಕೂಲಿಯಲ್ಲಿ ಬಹುಪಾಲು ಮುಗಿಯುವ ಕೆಲಸವಿದು. ಹೊಸ ಬೋರ್ಡಿಗೆ ಬಣ್ಣ ಬಳಿಸುವ ಖರ್ಚಿಗಿಂತ ಹೆಚ್ಚಾಗಲಾರದು! ಇನ್ನೊಂದು ಮಾತು: ವಾಸನೆ ಬಂತೆಂದು ಒಲೆ ಹಚ್ಚಲು ಒಪ್ಪದ ಹುಡುಗನ ಪಗಾರ ಕಡಿಯಬಾರದು. ಇದಕ್ಕಾಗಿ ಬೈಸಿಕೊಂಡವರು ನಮ್ಮಲ್ಲಿ ಒಬ್ಬಿಬ್ಬರಲ್ಲ.

ಬಂಧುಗಳೆ, ವಾಸನೆ ಬಂದರೆ ಉರಿಯುವ ದೀಪವನ್ನು ಆರಿಸಬೇಡಿ, ಆರಿದ್ದನ್ನು ಹಚ್ಚಬೇಡಿ. ಮೊಬೈಲು, ಚಾರ್ಜರು ಮುಟ್ಟಬೇಡಿ. ಸಿಲಿಂಡರಿನ ಬಾಯಿ ತಿರುಗಿಸಿ ಮುಚ್ಚಿ, ಬಾಗಿಲು ತೆರೆದು, ಮಲಗಿದವರನ್ನೆಲ್ಲ ಎಬ್ಬಿಸಿಕೊಂಡು ಹೊರಗೆ ಬನ್ನಿ. ಫೋನು ಬೀದಿಗೆ ಬಂದಮೇಲೆ. ಅನಿಲ ಸೋರಿಕೆಗೆ 1906, ಬೆಂಕಿಗೆ 101.

ಈ ವಾರ ನಿಮ್ಮ ಹೋಟೆಲಿನ ಸ್ವಿಚ್ಚು ಯಾವ ಗೋಡೆಯ ಮೇಲಿದೆ, ಸಿಲಿಂಡರಿನಿಂದ ಎಷ್ಟು ಹೆಜ್ಜೆ ದೂರ, ಎಷ್ಟು ಜನ ಅಲ್ಲಿ ಮಲಗುತ್ತೀರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿ. ನಿಮ್ಮ ಹೆಸರನ್ನಾಗಲಿ ಹೋಟೆಲಿನ ಹೆಸರನ್ನಾಗಲಿ ನಾವು ಅಚ್ಚು ಹಾಕುವುದಿಲ್ಲ. ಚೀಟಿಗಳನ್ನು ಕಟ್ಟಿಕೊಂಡು ಮಾಲಿಕರ ಬಳಿಗೆ ಹೋಗುವ ಕೆಲಸ ನಮ್ಮದು.