ಒಂದು ಮಿಲಿಮೀಟರ್ ಡಿಫರೆನ್ಸು

ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಜೆನಿಟ್ ಕ್ಯಾಮೆರಾ ಇರುವುದು ನನಗೆ ಮರೆತೇ ಹೋಗಿತ್ತು. ದಸರಾ ರಜೆಗೆ ಬಂದ ಮೊಮ್ಮಗಳು ಅದನ್ನು ಹುಡುಕಿ ತೆಗೆದಳು. ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, “ಅಜ್ಜ, ಇದು ಕ್ಯಾಮೆರಾನೋ, ತೂಕದ ಕಲ್ಲೋ?” ಎಂದು ಕೇಳಿದಳು. ಒಂಬತ್ತನೇ ತರಗತಿಯವಳು, ಮಾತಿಗೆ ಬಡತನವಿಲ್ಲ.

ಮಕ್ಕಳೇ, ಜೆನಿಟ್ ರಷ್ಯಾದ ಕ್ಯಾಮೆರಾ. ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಎಂಬ ಊರಿನ ಕಾರ್ಖಾನೆಯದು. ನಾನು ತೀರ್ಥಹಳ್ಳಿಯ ಬ್ರಾಂಚಿನಲ್ಲಿ ಕ್ಲರ್ಕ್ ಆಗಿದ್ದಾಗ, 1981ರಲ್ಲಿ, ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬರಿಂದ ಆರುನೂರು ರೂಪಾಯಿಗೆ ಕೊಂಡಿದ್ದೆ. ಆಗಿನ ನನ್ನ ಅರ್ಧ ತಿಂಗಳ ಸಂಬಳ. ಹಬ್ಬದ ಅಡ್ವಾನ್ಸ್ ಸೀರೆಗೆ ಹೋಗದೆ ಕ್ಯಾಮೆರಾಕ್ಕೆ ಹೋಯಿತೆಂದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಒಂದು ವಾರ ಬರೀ ತಿಳಿಸಾರು.

ಅದರಲ್ಲಿ ತೆಗೆದ ಎರಡನೆಯ ರೀಲಿನ ಕಥೆಯನ್ನು ನಾನೇ ಹೇಳಿಬಿಡುತ್ತೇನೆ. 1982ರ ದೀಪಾವಳಿಗೆ ಕೊಪ್ಪದ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆವು. ಅಮ್ಮನೂ ಬಂದಿದ್ದಳು. ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಕಪ್ಪು-ಬಿಳುಪು ರೀಲು ಹಾಕಿ, ಅಮ್ಮನನ್ನೂ ಅಕ್ಕನನ್ನೂ ಜಗಲಿಯ ಕಂಬದ ಹತ್ತಿರ, ಅಡಿಕೆ ಅಂಗಳದಲ್ಲಿ, ತುಳಸಿಕಟ್ಟೆಯ ಮುಂದೆ ನಿಲ್ಲಿಸಿ ನಿಲ್ಲಿಸಿ ಫೋಟೋ ತೆಗೆದೆ. ಕ್ಯಾಮೆರಾದ ಲೆಕ್ಕದ ಚಕ್ರ 36 ದಾಟಿತು, 37 ದಾಟಿತು, 38 ಬಂದರೂ ರೀಲು ಮುಗಿಯುವ ಲಕ್ಷಣವಿಲ್ಲ. ಆಗ ಎದೆ ಧಸಕ್ಕೆಂದಿತು. ರೀಲಿನ ತುದಿ ಒಳಗಿನ ಉರುಳೆಗೆ ಸರಿಯಾಗಿ ಸಿಕ್ಕಿಕೊಂಡಿರಲೇ ಇಲ್ಲ. ಲೆಕ್ಕದ ಚಕ್ರ ತಿರುಗಿದ್ದೇ ಬಂತು, ಫಿಲ್ಮು ಇದ್ದಲ್ಲೇ ಇತ್ತು. ಒಂದು ಚಿತ್ರವೂ ಬರಲಿಲ್ಲ. ಮರುವರ್ಷ ಅಮ್ಮ ಹೋದಳು. ಅಕ್ಕ ಈ ಕಥೆಯನ್ನು ನಲವತ್ತು ವರ್ಷಗಳಿಂದ ಪ್ರತಿ ಮದುವೆಮನೆಯಲ್ಲೂ ಹೇಳುತ್ತ ಬಂದಿದ್ದಾಳೆ.

ಇರಲಿ. ಮೊಮ್ಮಗಳು ತಂದ ಕ್ಯಾಮೆರಾದ ಸ್ಥಿತಿ ನೋಡಿದೆ. ಒಳಗಿನ ಷಟರ್ ಬಟ್ಟೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಲೆನ್ಸ್ ಮಾತ್ರ ಗಟ್ಟಿಮುಟ್ಟು. ಹೀಲಿಯೋಸ್-44-2, 58 ಮಿಲಿಮೀಟರ್, ಎಫ್ 2. ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ ಲೆನ್ಸಿನ ಮಾದರಿಯಲ್ಲಿ ರಷ್ಯಾದವರು ಮಾಡಿದ್ದು. “ಈ ಲೆನ್ಸನ್ನು ಬೇರೆ ಕ್ಯಾಮೆರಾಕ್ಕೆ ಹಾಕೋಕಾಗಲ್ವಾ?” ಎಂದಳು. ಅದೇ ಪ್ರಶ್ನೆಗೆ ನಾನು 2011ರಲ್ಲೇ ಒಮ್ಮೆ ಏಟು ತಿಂದಿದ್ದೆ.

ಆಗ ನನ್ನ ಮಗ ನಿಕಾನ್ ಡಿಎಸ್‌ಎಲ್‌ಆರ್ ಕೊಂಡಿದ್ದ. ಅದಕ್ಕೆ ಈ ಲೆನ್ಸ್ ಕೂರಿಸಲು ಒಂದು ಲೋಹದ ಬಳೆ, ಅಂದರೆ ಅಡಾಪ್ಟರ್, ಅಂಗಡಿಯೊಂದರಲ್ಲಿ ತಂದೆ. ಕೂತಿತು. ಎದುರು ಕೂತ ಮಗನ ಮುಖ ಸೊಗಸಾಗಿ ಬಂತು. ಕಿಟಕಿಯಾಚೆಯ ತೆಂಗಿನಮರಕ್ಕೆ ಹಿಡಿದರೆ ಬರೀ ಮಸುಕು. ಹತ್ತಡಿ ಆಚೆಗಿನದು ಯಾವುದೂ ಸ್ಪಷ್ಟವಾಗಲಿಲ್ಲ. ಲೆನ್ಸ್ ಕೆಟ್ಟಿದೆಯೆಂದು ತಿಳಿದು ಟ್ರಂಕಿಗೆ ಹಾಕಿದೆ. ಅಂಗಡಿಯವರೂ ಏನೂ ಹೇಳಲಿಲ್ಲ.

ಲೆನ್ಸ್ ಕೆಟ್ಟಿರಲಿಲ್ಲ. ಡಿಫರೆನ್ಸ್ ಇದ್ದದ್ದು ಒಂದು ಮಿಲಿಮೀಟರಿನದು. ಬ್ಯಾಂಕಿನಲ್ಲಿ ಕೈಬರಹದ ಲೆಡ್ಜರ್ ಇದ್ದ ಕಾಲದಲ್ಲಿ ಕೆಲಸ ಮಾಡಿದ ಅಜ್ಜಂದಿರಿಗೆ ಇದು ಬೇಗ ಅರ್ಥವಾಗುತ್ತದೆ. ಹತ್ತು ಪೈಸೆ ಟ್ಯಾಲಿ ಆಗದೆ ರಾತ್ರಿ ಒಂಬತ್ತರವರೆಗೆ ಕೂತವರಲ್ಲವೇ ನಾವು?

ಮಕ್ಕಳೇ, ಅಜ್ಜನ ಭೂತಗನ್ನಡಿ ತೆಗೆದುಕೊಂಡು ಒಂದು ಪ್ರಯೋಗ ಮಾಡಿ. ಹಗಲಿನಲ್ಲಿ, ಕಿಟಕಿಯ ಎದುರಿನ ಗೋಡೆಯ ಹತ್ತಿರ ಅದನ್ನು ಹಿಡಿದು ಹಿಂದೆ ಮುಂದೆ ಸರಿಸಿ. ಒಂದು ಕಡೆ ಹೊರಗಿನ ಮರ ತಲೆಕೆಳಗಾಗಿ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಮರ ಬಿಟ್ಟು ಕಿಟಕಿಯ ಸರಳೇ ಸ್ಪಷ್ಟವಾಗಬೇಕೆಂದರೆ ಗಾಜನ್ನು ಗೋಡೆಯಿಂದ ಸ್ವಲ್ಪ ದೂರ ಒಯ್ಯಬೇಕು. ಅಂದರೆ ದೂರದ ವಸ್ತುವಿಗೆ ಗಾಜು ಗೋಡೆಗೆ ಹತ್ತಿರ ಇರಬೇಕು, ಹತ್ತಿರದ ವಸ್ತುವಿಗೆ ದೂರ. ಕ್ಯಾಮೆರಾದಲ್ಲಿ ಗೋಡೆಯ ಜಾಗದಲ್ಲಿ ಹಿಂದೆ ಫಿಲ್ಮ್ ಇತ್ತು, ಈಗ ಸೆನ್ಸರ್ ಇದೆ. (ಬಿಸಿಲಿಗೆ ಭೂತಗನ್ನಡಿ ಹಿಡಿದು ಕಾಗದ ಸುಡುವ ಪ್ರಯೋಗ ಇದಲ್ಲ. ಅದರ ಮೂಲಕ ಸೂರ್ಯನನ್ನು ನೋಡುವುದಂತೂ ಬೇಡವೇ ಬೇಡ.)

ಪ್ರತಿ ಕಂಪನಿಯೂ ಲೆನ್ಸ್ ಕೂರುವ ಬಾಯಿಯಿಂದ ಫಿಲ್ಮಿನವರೆಗೆ ಇಂತಿಷ್ಟೇ ದೂರ ಎಂದು ನಿಗದಿ ಮಾಡಿಕೊಂಡಿರುತ್ತದೆ. ನನ್ನ ಜೆನಿಟ್‌ನ ಎಂ42 ಬಾಯಿಗೆ ಅದು 45.46 ಮಿಲಿಮೀಟರ್. 1959ರಲ್ಲಿ ಬಂದ ನಿಕಾನ್ ಎಫ್ ಬಾಯಿಗೆ 46.5. ಮಗನ ಡಿಎಸ್‌ಎಲ್‌ಆರ್‌ಗೂ ಅದೇ ಬಾಯಿ. ನನ್ನ ಲೆನ್ಸ್ ಅದರಲ್ಲಿ ಕೂತಾಗ ಸೆನ್ಸರಿನಿಂದ ಒಂದು ಮಿಲಿಮೀಟರಿಗಿಂತ ಕೊಂಚ ಹೆಚ್ಚೇ ದೂರ ನಿಂತಿತು. ಮುಖಕ್ಕೆ ಸರಿ, ತೆಂಗಿನಮರಕ್ಕೆ ಇಲ್ಲ. ಅಡಾಪ್ಟರ್ ಸೇರಿಸಿ ದೂರ ಹೆಚ್ಚಿಸಬಹುದೇ ಹೊರತು ಕಡಿಮೆ ಮಾಡುವುದು ಹೇಗೆ? ನಡುವೆ ಇನ್ನೊಂದು ಗಾಜು ಇರುವ ಅಡಾಪ್ಟರ್‌ಗಳೂ ಇವೆ, ಆದರೆ ಅಗ್ಗದ ಗಾಜು ಸೇರಿಸಿದರೆ ಒಳ್ಳೆಯ ಹಾಲಿಗೆ ನೀರು ಬೆರೆಸಿದ ಹಾಗೆ.

ಈ ಕ್ಯಾಮೆರಾಗಳಲ್ಲಿ ಅಷ್ಟು ದೂರ ಯಾಕೆ ಬೇಕಿತ್ತು? ಒಳಗೊಂದು ಕನ್ನಡಿ ಇತ್ತು. ಲೆನ್ಸಿನಿಂದ ಬಂದ ಬೆಳಕನ್ನು ನಮ್ಮ ಕಣ್ಣಿಗೆ ಕಳಿಸಿ, ಗುಂಡಿ ಒತ್ತಿದೊಡನೆ ಟಪ್ ಎಂದು ಮೇಲೇಳುವ ಕನ್ನಡಿ. ಅದು ಏಳಲು, ಬೀಳಲು ಜಾಗ ಬೇಕಲ್ಲ? ಮಿರರ್‌ಲೆಸ್ ಎಂದರೆ ಆ ಕನ್ನಡಿ ಇಲ್ಲದ್ದು. ಸೆನ್ಸರ್ ಕಂಡದ್ದನ್ನೇ ಒಂದು ಪುಟ್ಟ ಪರದೆಯಲ್ಲಿ ನಮಗೆ ತೋರಿಸುತ್ತದೆ. 2008ರಲ್ಲಿ ಬಂದ ಪ್ಯಾನಸಾನಿಕ್ ಜಿ1 ಈ ಸಾಲಿನ ಮೊದಲನೆಯದು. ಕನ್ನಡಿ ಹೋದ ಮೇಲೆ ಜಾಗವೂ ಬೇಡವಾಯಿತು. ಸೋನಿ ಇ ಬಾಯಿಗೆ ಬರೀ 18 ಮಿಲಿಮೀಟರ್ ಸಾಕು, ಫ್ಯೂಜಿ ಎಕ್ಸ್‌ಗೆ 17.7, ನಿಕಾನ್ ಜೆಡ್‌ಗೆ 16, ಕ್ಯಾನನ್ ಆರ್‌ಎಫ್‌ಗೆ 20. ಈಗ ಉಳಿದ ದೂರಕ್ಕೆ ಒಂದು ಕೊಳವೆ ಮಾಡಿ ಹಾಕಿದರೆ ಮುಗಿಯಿತು. 45.46ರಲ್ಲಿ 18 ಕಳೆಯಿರಿ. 27.46. ನನ್ನ ಲೆನ್ಸಿಗೂ ಸೋನಿಗೂ ನಡುವೆ ಬೇಕಾದ ಅಡಾಪ್ಟರಿನ ಉದ್ದ ಅಷ್ಟೇ. ಒಳಗೆ ಗಾಜಿಲ್ಲ, ವಿದ್ಯುತ್ತಿಲ್ಲ, ಬರೀ ಟೊಳ್ಳು ಕೊಳವೆ. ನಾನು ಕೊಟ್ಟಿದ್ದು ಒಂಬೈನೂರು ರೂಪಾಯಿ. ನಿಮ್ಮ ಅಜ್ಜನ ನಿಕಾನ್ ಎಫ್ ಲೆನ್ಸನ್ನು ನಿಕಾನ್ ಜೆಡ್‌ಗೆ ಹಾಕಲು ಎಷ್ಟುದ್ದದ ಅಡಾಪ್ಟರ್ ಬೇಕು? ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಮಾಡಿ.

ಅಜ್ಜ ಅಜ್ಜಿಯರಿಗೊಂದು ಮಾತು. ಬೀರು ತೆಗೆದು ನೋಡಿ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಯಾಶಿಕಾ ಎಫ್‌ಎಕ್ಸ್-3 ಇಂಥವು ಇದ್ದರೆ ಲೆನ್ಸ್ ಬಿಚ್ಚಿ ಬರುತ್ತದೆ, ಉಪಯೋಗಕ್ಕೆ ಬರುತ್ತದೆ. ಆಗ್ಫಾ ಕ್ಲಿಕ್ ತ್ರೀ, ಹಾಟ್ ಶಾಟ್, ಯಾಶಿಕಾ ಎಂಎಫ್-2 ಆದರೆ ಲೆನ್ಸ್ ಮೈಗೇ ಅಂಟಿದ್ದು. ದಯವಿಟ್ಟು ಸ್ಕ್ರೂಡ್ರೈವರ್ ಹಿಡಿಯಬೇಡಿ, ಶೋಕೇಸಿನಲ್ಲಿಡಿ. ಬಿಚ್ಚುವ ಲೆನ್ಸ್ ಇದ್ದರೆ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ನಾಲ್ಕು ಧೂಳಿನ ಕಣಕ್ಕೆ ಚಿಂತೆಯಿಲ್ಲ. ಜೇಡರ ಬಲೆಯಂತೆ ಎಳೆ ಎಳೆ ಕಂಡರೆ ಬೂಸ್ಟು ಹಿಡಿದಿದೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಗಾಜೂ ಬೂಸ್ಟು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಭದ್ರವಾಗಿಟ್ಟಿದ್ದೇವೆ ಎನ್ನುವವರ ಲೆನ್ಸೇ ಮೊದಲು ಹಾಳಾಗುವುದು, ಏಕೆಂದರೆ ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು.

ಇನ್ನು ಕ್ಯಾಮೆರಾ ಆರಿಸುವ ವಿಚಾರ. ಸೆನ್ಸರಿನಲ್ಲಿ ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ಅಳತೆ ಹೆಚ್ಚು ಬಳಕೆಯಲ್ಲಿವೆ. ಫುಲ್‌ಫ್ರೇಮ್ ಎಂದರೆ ಹಳೇ ಫಿಲ್ಮಿನಷ್ಟೇ, 36ಕ್ಕೆ 24 ಮಿಲಿಮೀಟರ್. ಅದರಲ್ಲಿ ಲೆನ್ಸ್ ಹಿಂದೆ ಎಷ್ಟು ತೋರಿಸುತ್ತಿತ್ತೋ ಅಷ್ಟೇ ತೋರಿಸುತ್ತದೆ, ಬೆಲೆ ಮಾತ್ರ ಎದೆ ಒಡೆಯುವಂಥದ್ದು. ನಡುವಿನದಾದ ಎಪಿಎಸ್-ಸಿಯಲ್ಲಿ ಅಂಚುಗಳು ಕತ್ತರಿಸಿ ಹೋಗಿ, 58ರ ಲೆನ್ಸ್ ಒಂದೂವರೆ ಪಟ್ಟು, ಅಂದರೆ 87ರದರಂತೆ ಕಾಣುತ್ತದೆ. ಸಣ್ಣದಾದ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎರಡು ಪಟ್ಟು. ಮುಖದ ಚಿತ್ರಕ್ಕೆ 87 ಹೇಳಿ ಮಾಡಿಸಿದ್ದು. ಮನೆಮಂದಿಯೆಲ್ಲ ಸೇರಿದ ಗುಂಪಿಗೆ ಸಾಲದು. ಅದಕ್ಕೆ ಫೋನ್ ಇದೆಯಲ್ಲ.

ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಕಣ್ಣಿಟ್ಟು ನೋಡುವ ಕಿಂಡಿ ಇರಲೇಬೇಕು. ಅದಿಲ್ಲದ ಮಾದರಿ ಅಗ್ಗ. ಆದರೆ ನಮ್ಮ ಬಿಸಿಲಲ್ಲಿ ಹಿಂದಿನ ಪರದೆಯಲ್ಲಿ ಕಾಣುವುದು ನಮ್ಮದೇ ಮುಖ. ಎಫ್‌ಡಿ ಒಂದನ್ನು ಮುರಿಸಿ, 2014ರ ಮಾದರಿ ಸೋನಿ ಎ6000 ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡೆ. “ಪೆನ್ಷನ್ ದುಡ್ಡಲ್ಲಿ ಆಟದ ಸಾಮಾನಾ?” ಎಂದ ಮಗ. ಅವನ ಡಿಎಸ್‌ಎಲ್‌ಆರ್ ಎಲ್ಲಿದೆ ಎಂದು ಕೇಳಿದೆ. ಸುಮ್ಮನಾದ. ಕೈ ನಡುಗುವ ಹಿರಿಯರು ಇನ್ನೂ ಸ್ವಲ್ಪ ದುಡ್ಡು ಸೇರಿಸಿ, ನಡುಕ ತಡೆಯುವ ವ್ಯವಸ್ಥೆ ಕ್ಯಾಮೆರಾದ ಮೈಯಲ್ಲೇ ಇರುವಂಥದ್ದನ್ನು ನೋಡಿ. ನನ್ನದರಲ್ಲಿ ಅದಿಲ್ಲ. ಹಳೇ ಲೆನ್ಸ್ ಎಷ್ಟು ಮಿಲಿಮೀಟರಿನದೆಂದು ಅದರ ಮೆನುವಿನಲ್ಲಿ ನಾವೇ ತುಂಬಬೇಕು, ಅದಕ್ಕೆ ತಾನಾಗಿ ತಿಳಿಯುವುದಿಲ್ಲ.

ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಂತೆ ಲೆನ್ಸ್ ತಿರುಗಿಸಿ ಕೂರಿಸಿ ಗುಂಡಿ ಒತ್ತಿದೆ. ಸದ್ದೇ ಇಲ್ಲ! ಮೋಸ ಹೋದೆ ಎಂದುಕೊಂಡೆ. ಮೊಮ್ಮಗಳು ಮೆನುವಿನೊಳಗೆ ಹೊಕ್ಕು ‘ರಿಲೀಸ್ ವಿಥೌಟ್ ಲೆನ್ಸ್’ ಎಂಬುದನ್ನು ಹುಡುಕಿ ಆನ್ ಮಾಡಿದಳು. ಮಾತಾಡದ ಲೆನ್ಸನ್ನು ಕ್ಯಾಮೆರಾ ಲೆನ್ಸೇ ಅಲ್ಲ ಎಂದು ತಿಳಿಯುತ್ತದಂತೆ.

ಆಮೇಲೆ ನಾನು ಕಣ್ಣಿಟ್ಟೆ. ನನ್ನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಜೆನಿಟ್‌ನ ಮಬ್ಬು ಗಾಜಿನಲ್ಲಿ ಯಾವುದು ಸ್ಪಷ್ಟ, ಯಾವುದು ಮಸುಕು ಎಂದು ಗೊತ್ತಾಗದೆ ನಾನು ಫೋಟೋ ಬಿಟ್ಟು ಎಷ್ಟೋ ವರ್ಷ. ಇಲ್ಲಿ ಕಿಂಡಿಯ ಪಕ್ಕದ ಪುಟ್ಟ ಚಕ್ರವನ್ನು ನನ್ನ ಕಣ್ಣಿಗೆ ಹೊಂದಿಸಿಕೊಂಡೆ. ಒಂದು ಗುಂಡಿ ಒತ್ತಿದರೆ ಚಿತ್ರದ ನಡುಭಾಗ ಹಲವು ಪಟ್ಟು ದೊಡ್ಡದಾಗುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದಂತೆ ಸ್ಪಷ್ಟವಾದ ಅಂಚುಗಳು ಕೆಂಪು ಬಣ್ಣದಲ್ಲಿ ಮಿನುಗುತ್ತವೆ. ಅಂಗಳದ ದಾಸವಾಳದ ಕೇಸರದ ತುದಿಯ ಹಳದಿ ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿದೆ. ಸುಮಾರು ಹೊತ್ತು ಕಣ್ಣು ತೆಗೆಯಲಿಲ್ಲ. “ಅಜ್ಜ, ನನಗೂ ಕೊಡಿ” ಎಂದು ಅವಳು ಎರಡು ಸಲ ಕೇಳಿದಳಂತೆ.

ಕೊಟ್ಟ ಮೇಲೆ ಅವಳ ಪಾಡು ನೋಡಬೇಕಿತ್ತು. ಫೋನು ತಾನೇ ಮುಖ ಹುಡುಕಿ ಕೊಡುವುದಕ್ಕೆ ಒಗ್ಗಿದವಳು. ಎಫ್ 2ರಲ್ಲಿ ಒಂದು ಮೀಟರ್ ದೂರದ ಮುಖ ತೆಗೆದರೆ ಸ್ಪಷ್ಟವಾಗುವುದು ಸುಮಾರು ಒಂದು ಇಂಚಿನಷ್ಟೇ ಆಳ. ಮೂಗು ಸರಿ ಬಂದರೆ ಕಣ್ಣು ಮಸುಕು. ಅವಳು ತೆಗೆದ ಮೊದಲ ಇಪ್ಪತ್ತರಲ್ಲಿ ನನ್ನ ಕಿವಿಯೇ ಹೆಚ್ಚು. ಯಾವ ಎಫ್ ಇಟ್ಟಿದ್ದೆವೆಂದು ಈ ಲೆನ್ಸ್ ಕ್ಯಾಮೆರಾಕ್ಕೆ ಹೇಳುವುದಿಲ್ಲವಾದ್ದರಿಂದ ಎಲ್ಲವನ್ನೂ ಬರೆದಿಡು ಎಂದು ಒಂದು ಪುಸ್ತಕ ಕೊಟ್ಟೆ. ಕ್ರಮಸಂಖ್ಯೆ, ಎಫ್, ಸ್ಥಳ, ಷರಾ. ಕಾಲಂ ಹಾಕಿಕೊಟ್ಟವನು ನಾನೇ.

ಕ್ರಿಸ್ಮಸ್ ರಜೆಗೆ ಅವಳು ಮತ್ತೆ ಬಂದಾಗ ಇಬ್ಬರೂ ಅಕ್ಕನ ಮನೆಗೆ ಹೋದೆವು. ಅಕ್ಕನಿಗೀಗ ಎಂಬತ್ತೆರಡು. ಫೋನ್ ಹಿಡಿದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವವಳು, ಈ ಲೆನ್ಸನ್ನು ನೋಡಿದ್ದೇ ಗುರುತು ಹಿಡಿದಳು. ಜಗಲಿಯಲ್ಲಿ ಕೂತಳು. ಮೊಮ್ಮಗಳು ಉಂಗುರ ತಿರುಗಿಸುತ್ತ, “ದೊಡ್ಡಜ್ಜಿ, ಅಲ್ಲಾಡಬೇಡಿ, ನಿಮ್ಮ ರೆಪ್ಪೆಕೂದಲು ಹುಡುಕ್ತಿದೀನಿ” ಎಂದಳು.

ಅಕ್ಕ ನನ್ನ ಕಡೆ ತಿರುಗಿ, “ಈ ಸಲ ರೀಲು ಸರಿಯಾಗಿ ಹಾಕಿದ್ದೀಯೇನೋ?” ಎಂದಳು.

“ರೀಲ್ಸ್ ಅಲ್ಲ ದೊಡ್ಡಜ್ಜಿ, ಬರೀ ಫೋಟೋ” ಎಂದಿತು ಮಗು.

ಅಷ್ಟೇ ಸಾಕಾಯಿತು. ಅಕ್ಕ 1982ರ ಕಥೆ ಮೊದಲಿನಿಂದ ಶುರುಮಾಡಿದಳು. ನನಗೆ ತಲೆ ತಗ್ಗಿಸಿ ಕೂರುವುದು ಅಭ್ಯಾಸವಾಗಿದೆ. ಆದರೆ ಹೊಸ ಕೇಳುಗಳು ಸಿಕ್ಕಿದ್ದರಿಂದಲೋ ಏನೋ, ಈ ಸಲ ನಾನು ಕೇಳಿರದ ಸಂಗತಿಗಳೂ ಬಂದವು. ಅಮ್ಮ ಅಂದು ಉಟ್ಟಿದ್ದು ಅಕ್ಕನದೇ ಹಸಿರು ಸೀರೆ. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಬೆಳಿಗ್ಗೆಯೇ ಕೇಳಿ ಇಸಿದುಕೊಂಡಿದ್ದಳಂತೆ. “ಇಲ್ಲೇ ನಿಂತಿದ್ದಳು” ಎಂದು ಅಕ್ಕ ಕಂಬದ ಕಡೆ ಕೈ ಮಾಡಿದಳು. ಆಗಲೇ ಟಕ್ ಎಂಬ ಸದ್ದು ಕೇಳಿಸಿತು.

ಒಟ್ಟು ಇಪ್ಪತ್ತಮೂರು ತೆಗೆದಿದ್ದಾಳೆ, ಹದಿನಾಲ್ಕು ಮಸುಕು. ಕಂಬಕ್ಕೆ ಕೈ ತೋರಿಸಿದ್ದನ್ನು ಶಿವಮೊಗ್ಗದಲ್ಲಿ ಎಂಟು-ಹತ್ತು ಇಂಚಿಗೆ ಎರಡು ಪ್ರತಿ ಮಾಡಿಸಿದೆ. ಒಂದು ಅಕ್ಕನಿಗೆ ಸ್ಪೀಡ್‌ಪೋಸ್ಟಿನಲ್ಲಿ ಹೋಗಿದೆ. ಮೊಮ್ಮಗಳ ಪುಸ್ತಕದಲ್ಲಿ ಅದರ ಎದುರಿಗೆ ಹೀಗೆ ಬರೆದಿದೆ: 17, ಎಫ್ 2.8, ಜಗಲಿ, ದೊಡ್ಡಜ್ಜಿ ಮಾತಾಡ್ತಿದ್ರು, ಸರಿ ಬಂದಿದೆ.